ನಾಲ್ಕು ತಾಲೀಮುಗಳ ಊರಲ್ಲಿ ಬೇರು ಹುಡುಕುತ್ತಾ

ಬೀದರಿನ ಹಳೇ ಊರಿನಲ್ಲಿ ಯಾರದಾದರೂ ಮನೆ ವಿಚಾರಿಸಿದರೆ ಉತ್ತರದಲ್ಲಿ ಒಂದು ತಾಲೀಮಿನ ಹೆಸರು ಬರುವ ಸಾಧ್ಯತೆ ಹೆಚ್ಚು. ನೂರ್ ಖಾನ್ ತಾಲೀಮ್, ಮನಿಯಾರ್ ತಾಲೀಮ್, ಪನ್ಸಾಲ್ ತಾಲೀಮ್, ಸಿದ್ದೀಕ್ ಶಾ ತಾಲೀಮ್. ಲಗ್ನಪತ್ರಿಕೆಯಲ್ಲಿ, ರೇಷನ್ ಕಾರ್ಡಿನಲ್ಲಿ, ಅಂಗಡಿಯ ಬೋರ್ಡಿನಲ್ಲಿ ಇವೆಲ್ಲ ಬರೀ ಓಣಿಯ ಹೆಸರುಗಳು. ಆದರೆ ಒಂದೊಂದು ಹೆಸರಿನ ಹಿಂದೆಯೂ ಒಂದು ಗರಡಿಮನೆ ಇತ್ತು. ನಡುವಿನ ಚೌಬಾರಾ ಗೋಪುರದಿಂದ ನಾಲ್ಕು ದಿಕ್ಕಿಗೆ ಹರಿಯುವ ರಸ್ತೆಗಳ ಸುತ್ತ ಹಬ್ಬಿದ ಊರಿನ ಹುಡುಗರು ತಂತಮ್ಮ ಭಾಗದ ತಾಲೀಮಿಗೆ ಹೋಗಿ ಮೈ ಕಟ್ಟುತ್ತಿದ್ದರು, ಕುಸ್ತಿ ಹಿಡಿಯುತ್ತಿದ್ದರು, ಲಾಠಿ ತಿರುಗಿಸುತ್ತಿದ್ದರು, ಪಟ್ಟಾ ಬೀಸುತ್ತಿದ್ದರು. ಬಹಮನಿ ರಾಜಧಾನಿಯ ಸ್ಮಾರಕಗಳ ಬಗ್ಗೆ 1947ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದ ಪುರಾತತ್ವಜ್ಞ ಗುಲಾಮ್ ಯಜ್ದಾನಿ ಮಸೀದಿ, ಮದರಸಾ, ಗೋರಿಗಳ ಜೊತೆಗೆ ಈ ತಾಲೀಮುಗಳಿಗೂ ಜಾಗ ಕೊಟ್ಟಿದ್ದಾರೆ.

ತಾಲೀಮಿನಲ್ಲಿ ಕಲಿಸುತ್ತಿದ್ದುದು ಒಂದೇ ವಿದ್ಯೆಯಲ್ಲ. ದಂಡ, ಬೈಠಕ್, ಮುಗ್ದರ್‌ಗಳಿಂದ ಮೈ ಹದಕ್ಕೆ ಬಂದ ಮೇಲೆ ಮಣ್ಣಿನ ಖಾಡಾದಲ್ಲಿ ಕುಸ್ತಿ. ಅದರಾಚೆ ಲಾಠಿ, ಎರಡು ತುದಿಗೂ ಗುಂಡು ಕಟ್ಟಿದ ಬನೇಟಿ, ಮೊಣಕೈವರೆಗೆ ಕವಚವಿರುವ ಉದ್ದ ಕತ್ತಿಯಾದ ಪಟ್ಟಾ, ಬರಿಗೈಯಿಂದ ಆಯುಧ ತಡೆಯುವ ಬಿನ್ನೋಟ್. ಮೊಹರಂ ಬಂತೆಂದರೆ ಅಲಾಯಿ ಮೆರವಣಿಗೆಯ ಮುಂದೆ ಈ ಕಸರತ್ತು ಬೀದಿಗಿಳಿಯುತ್ತಿತ್ತು. ಜಾತ್ರೆ ಬಂತೆಂದರೆ ಅದೇ ಹುಡುಗರು ದೇವರ ಗುಡಿಯ ಮುಂದಿನ ಖಾಡಾದಲ್ಲಿ ಲಂಗೋಟಿ ಕಟ್ಟಿ ನಿಲ್ಲುತ್ತಿದ್ದರು. ಕಲಿಸುವ ವಸ್ತಾದ ಯಾವ ಜಾತಿ, ಚೇಲಾ ಯಾವ ಮತ ಎಂಬ ಪ್ರಶ್ನೆ ಖಾಡಾದ ಹೊರಗೇ ಉಳಿಯುತ್ತಿತ್ತು.

ಈ ವಿದ್ಯೆ ಬಂದದ್ದು ಎಲ್ಲಿಂದ? ಹಿರಿಯರನ್ನು ಕೇಳಿದರೆ ಮೂರು ಬಗೆಯ ಉತ್ತರ ಸಿಗುತ್ತದೆ. ಬಾದಶಾಹರ ಕಾಲದ್ದು ಎನ್ನುವವರು ಕೆಲವರು. ಮರಾಠರಿಂದ ಬಂದದ್ದು ಎನ್ನುವವರು ಕೆಲವರು. ಇಬ್ಬರನ್ನೂ ಒಪ್ಪದವರು, ಕಲ್ಯಾಣದ ಚಾಲುಕ್ಯರಿದ್ದಾಗಲೇ ಇದೆಲ್ಲ ಇಲ್ಲಿತ್ತು ಎನ್ನುತ್ತಾರೆ. ಮೂರಕ್ಕೂ ಸಾಕ್ಷಿ ಇದೆ. ಆದರೆ ಯಾವ ಸಾಕ್ಷಿ ಎಷ್ಟು ದೂರ ನಡೆಯುತ್ತದೆ ಎಂಬುದನ್ನು ನೋಡಬೇಕು.

ಕಲ್ಯಾಣದ ಪುಸ್ತಕ

ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಅಂದಿನ ಕಲ್ಯಾಣ. ಅಲ್ಲಿ 1126ರಿಂದ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವೆಂಬ ವಿಶ್ವಕೋಶ ಬರೆದ. ರಾಜ್ಯ ಗಳಿಸುವುದರಿಂದ ಹಿಡಿದು ಅಡುಗೆ, ಮೀನು ಹಿಡಿಯುವುದು, ಸಂಗೀತದವರೆಗೆ 100 ಅಧ್ಯಾಯಗಳು. ಅದರಲ್ಲಿ ರಾಜನ ವಿನೋದಗಳನ್ನು ಹೇಳುವ ಭಾಗದಲ್ಲಿ ಎರಡು ಅಧ್ಯಾಯಗಳು ಅಕ್ಕಪಕ್ಕ ಕೂತಿವೆ: ಅಂಕವಿನೋದ ಮತ್ತು ಮಲ್ಲವಿನೋದ. ಮೊದಲನೆಯದು ಆಯುಧ ಹಿಡಿದು ಒಬ್ಬರಿಗೊಬ್ಬರು ಎದುರಾಗುವ ಅಂಕಕಾರರ ದ್ವಂದ್ವ, ಎರಡನೆಯದು ಕುಸ್ತಿ.

ಮಲ್ಲವಿನೋದವನ್ನು ಓದಿದರೆ ಸೋಮೇಶ್ವರ ಗರಡಿಯ ಅಂಚಿನಲ್ಲಿ ಕೂತು ಬರೆದಂತಿದೆ. ಮಲ್ಲರಲ್ಲಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಾಲ ಎಂಬ ದರ್ಜೆಗಳು. ಇನ್ನೂ ಬೆಳೆಯುತ್ತಿರುವ ಹುಡುಗನಿಗೆ ಭವಿಷ್ಣು ಎಂಬ ಬೇರೆ ಹೆಸರು. ಅವರಿಗೆ ಬೇಳೆಕಾಳು, ಮಾಂಸ, ಹಾಲು, ಸಿಹಿತಿಂಡಿ ಅರಮನೆಯ ಖರ್ಚಿನಲ್ಲಿ. ಹೆಂಗಸರಿಂದ ದೂರ ಇರಿಸಬೇಕೆಂಬ ಕಟ್ಟುನಿಟ್ಟು ಬೇರೆ. ಕಸರತ್ತುಗಳನ್ನು ಆತ ‘ಶ್ರಮ’ ಎಂದು ಕರೆದು ಪಟ್ಟಿ ಮಾಡುತ್ತಾನೆ. ಮರಳು ತುಂಬಿದ ಚೀಲ ಎತ್ತುವುದು ಭಾರಶ್ರಮ, ದೂರ ನಡೆಯುವುದು ಭ್ರಮಣಶ್ರಮ, ನೀರಿನಲ್ಲಿ ಈಜಿ ದಣಿಯುವುದು ಸಲಿಲಶ್ರಮ, ತೋಳಿಗೆ ತೋಳು ಕೊಟ್ಟು ತಳ್ಳುವುದು ಬಾಹುಪೆಲ್ಲಣಕಶ್ರಮ, ಕಂಬದ ಮೇಲೆ ಮೈ ದುಡಿಸುವುದು ಸ್ತಂಭಶ್ರಮ. ಯಾವುದೇ ಹಳ್ಳಿಯ ಗರಡಿಯಲ್ಲಿ ಈ ಪಟ್ಟಿ ಓದಿ ಹೇಳಿದರೆ ಪೈಲ್ವಾನರು ತಲೆಯಾಡಿಸುತ್ತಾರೆ.

ಹಾಗಾದರೆ ಲೆಕ್ಕ ಮುಗಿಯಿತೇ? ಮುಗಿಯುವುದಿಲ್ಲ. 12ನೇ ಶತಮಾನದಲ್ಲಿ ಈ ನೆಲದಲ್ಲಿ ವ್ಯವಸ್ಥಿತವಾದ ಮಲ್ಲವಿದ್ಯೆ ಇತ್ತೆಂದು ಪುಸ್ತಕ ಸಾಬೀತು ಮಾಡುತ್ತದೆ. ಆ ಮಲ್ಲರ ಶಿಷ್ಯರ ಶಿಷ್ಯರೇ ನೂರ್ ಖಾನ್ ತಾಲೀಮಿನ ವಸ್ತಾದರೆಂದು ಅದು ಹೇಳುವುದಿಲ್ಲ. ಆ ಕಾಲದ ರಾಜಮಲ್ಲರಿಗೆ ಹತ್ತಿರದ ಚಿತ್ರ ಇಂದು ಸಿಗುವುದು ಬೀದರಿನಲ್ಲಲ್ಲ, ಮೈಸೂರಿನಲ್ಲಿ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ಜೆಟ್ಟಿಗಳು ಬೆರಳಿಗೆ ವಜ್ರಮುಷ್ಟಿ ತೊಟ್ಟು, ಎದುರಾಳಿಯ ತಲೆಯಲ್ಲಿ ಮೊದಲ ರಕ್ತದ ಹನಿ ಕಂಡೊಡನೆ ಕಾಳಗ ನಿಲ್ಲಿಸುತ್ತಾರೆ. ಸುಮಾರು 1535ರಲ್ಲಿ ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ವ್ಯಾಪಾರಿ ನೂನಿಜ್, ನವರಾತ್ರಿಯಲ್ಲಿ ಕೈಗೆ ಮೊನೆಗಳುಳ್ಳ ಬಳೆಯಂಥದ್ದನ್ನು ಹಿಡಿದು ಹೊಡೆದಾಡುವ ಮಲ್ಲರ ಪ್ರಸ್ತಾಪ ಮಾಡುತ್ತಾನೆ. ಆಶ್ರಯ ಕೊಡುವ ಅರಮನೆ ಇದ್ದಲ್ಲಿಗೆ ಮಲ್ಲರು ಹೋದರು. ಕಲ್ಯಾಣದ ಅರಮನೆ ಬಿದ್ದ ಮೇಲೆ ಇಲ್ಲಿ ಉಳಿದದ್ದು ರಾಜನ ಅನ್ನ ಉಣ್ಣದ, ಊರಿನವರೇ ಸಾಕಿದ ಕುಸ್ತಿ.

ಕತ್ತಿಯ ಹುಚ್ಚು

ಬಾದಶಾಹರ ಕಾಲದ್ದು ಎನ್ನುವವರ ಮಾತಿಗೂ ತೂಕವಿದೆ. 15ನೇ ಶತಮಾನದ ಮೂರನೇ ದಶಕದಲ್ಲಿ ಅಹಮದ್ ಶಾ ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಇರಾನ್, ತುರ್ಕಿ, ಅರಬ್ ಕಡೆಯಿಂದ ಬಂದ ಪರದೇಶಿಗಳು, ಇಲ್ಲೇ ಹುಟ್ಟಿದ ದಖ್ಖನಿಗಳು, ಆಫ್ರಿಕಾದಿಂದ ಬಂದ ಹಬ್ಶಿಗಳು ಎಲ್ಲರೂ ಇದೇ ಕೋಟೆಯೊಳಗೆ. ಅವರ ನಡುವಿನ ಹಗೆಗೆ 1481ರಲ್ಲಿ ವಜೀರ ಮಹಮೂದ್ ಗವಾನನ ತಲೆಯೇ ಹೋಯಿತು. ಅಂಥ ಊರಿನಲ್ಲಿ ಕೈಗೆ ಕತ್ತಿ, ಬದಿಗೆ ನಾಲ್ಕು ಜನ ಇಲ್ಲದವನಿಗೆ ಉಳಿಗಾಲವಿರಲಿಲ್ಲ.

ಗವಾನನ ನಂತರ ಬೀದರಿನ ಅಧಿಕಾರ ಹಿಡಿದ ಮಲಿಕ್ ಹಸನ್ ಬಹರಿಯ ಮಗನೇ ಅಹಮದ್‌ನಗರ ಕಟ್ಟಿದ ಅಹಮದ್ ನಿಜಾಮ್ ಶಾ. ಇವನ ಬಗ್ಗೆ ಇತಿಹಾಸಕಾರ ಫಿರಿಶ್ತಾ ಬರೆದದ್ದು ನಮ್ಮ ವಿಷಯಕ್ಕೆ ಬಹು ಮುಖ್ಯ. ಸ್ವತಃ ಕತ್ತಿವರಸೆಯಲ್ಲಿ ನಿಪುಣನಾಗಿದ್ದ ಸುಲ್ತಾನನನ್ನು ಕಂಡು ಊರಿಗೆ ಊರೇ ಆ ಹುಚ್ಚಿಗೆ ಬಿತ್ತು. ಬೀದಿ ಬೀದಿಗೆ ಕತ್ತಿವರಸೆಯ ಶಾಲೆಗಳೆದ್ದವು. ಯಾರು ಮೇಲು ಎಂಬ ಜಗಳ ಸುಲ್ತಾನನ ಎದುರಿನ ದ್ವಂದ್ವದಲ್ಲಿ ತೀರ್ಮಾನವಾಗತೊಡಗಿತು. ಆ ಚಾಳಿ ದಖ್ಖನಿನ ತುಂಬ ಹರಡಿತೆಂದು ಫಿರಿಶ್ತಾ ಕೊರಗುತ್ತಾನೆ. ಬಿಜಾಪುರದ ಬೀದಿಯಲ್ಲಿ ಕ್ಷುಲ್ಲಕ ಕಾರಣಕ್ಕೆ ನರೆತ ಗಡ್ಡದವರೇ ಕತ್ತಿ ಹಿರಿದು ಕ್ಷಣಾರ್ಧದಲ್ಲಿ ಹೆಣವಾದ ಪ್ರಸಂಗವನ್ನೂ ಆತ ದಾಖಲಿಸಿದ್ದಾನೆ.

ಬೀದಿಗೊಂದು ಶಾಲೆ, ಶಾಲೆಗೊಬ್ಬ ಗುರು, ಶಾಲೆ ಶಾಲೆಗಳ ನಡುವೆ ಪೈಪೋಟಿ: ಬೀದರಿನ ನಾಲ್ಕು ತಾಲೀಮುಗಳ ರೂಪುರೇಷೆ ಇದೇ. ರಾಜನಿಗೆ ವಿನೋದವಾಗಿದ್ದ ವಿದ್ಯೆ ಓಣಿಯ ಮಾನದ ಪ್ರಶ್ನೆಯಾದದ್ದು ಈ ಶತಮಾನಗಳಲ್ಲಿ. ಕಸರತ್ತುಗಳು ಹಳೆಯವೇ ಇರಬಹುದು, ಅವನ್ನು ಕಲಿಸುವ ಸಂಸ್ಥೆ ಮಾತ್ರ ಸುಲ್ತಾನರ ದಖ್ಖನಿನದು.

ಕಂಬದ ಮೇಲಿನ ಕಥೆ

ಮರಾಠರ ಪಾಲು ಯಾವುದು? ಅದಕ್ಕೆ ಮಲ್ಲಕಂಬವನ್ನೇ ನೋಡಬೇಕು. ಇಂದು ನಾವು ನೋಡುವ ಮಲ್ಲಕಂಬಕ್ಕೆ ರೂಪ ಕೊಟ್ಟವರು ಎರಡನೆಯ ಬಾಜೀರಾವ್ ಪೇಶ್ವೆಯ ಕಾಲದ ಬಾಳಂಭಟ್ಟ ದಾದಾ ದೇವಧರ್. ಈ ಬಗ್ಗೆ ಪ್ರಚಲಿತವಿರುವ ಕಥೆ ಹೀಗಿದೆ: ನಿಜಾಮನ ಹೈದರಾಬಾದಿನಿಂದ ಅಲಿ ಮತ್ತು ಗುಲಾಬ್ ಎಂಬ ಇಬ್ಬರು ದೈತ್ಯ ಪೈಲ್ವಾನರು ಪುಣೆಗೆ ಬಂದು, ತಮ್ಮೊಡನೆ ಸೆಣಸುವವರು ಯಾರಿದ್ದಾರೆ ಎಂದು ಪೇಶ್ವೆಯ ದರ್ಬಾರಿನಲ್ಲಿ ಸವಾಲು ಹಾಕಿದರು. ಯಾರೂ ಏಳಲಿಲ್ಲ. ಯುವಕ ಬಾಳಂಭಟ್ಟ ಗಡುವು ಬೇಡಿ ಸಪ್ತಶೃಂಗಿ ಗುಡ್ಡಕ್ಕೆ ಹೋದ. ಅಲ್ಲಿ ಹನುಮಂತ ಕಂಬದ ಮೇಲೆ ಪಟ್ಟುಗಳನ್ನು ಆಡಿ ತೋರಿಸಿದನಂತೆ. ತಿರುಗಿ ಬಂದ ಬಾಳಂಭಟ್ಟ ಅಲಿಯನ್ನು ಕೆಡವಿದ, ಅದನ್ನು ಕಂಡ ಗುಲಾಬ್ ಸೆಣಸದೇ ಸೋಲೊಪ್ಪಿದ.

ಬೀದರು ಆಗ ನಿಜಾಮನ ಸೀಮೆ. ಅಂದರೆ ಈ ಕಥೆಯಲ್ಲಿ ನಾವು ಸೋತವರ ಕಡೆಯವರು! ಕಥೆಯ ದೈವಾಂಶವನ್ನು ಬದಿಗಿಟ್ಟರೂ ಒಂದು ಮಾತು ಉಳಿಯುತ್ತದೆ. ಪುಣೆಯವರ ಕಣ್ಣಲ್ಲಿ ಹೈದರಾಬಾದ್ ಸೀಮೆಯ ಪೈಲ್ವಾನರು ದೇವರ ನೆರವಿಲ್ಲದೆ ಬಗ್ಗಿಸಲಾಗದವರಾಗಿದ್ದರು. ಇನ್ನು ಕಂಬದ ಕಸರತ್ತನ್ನು ಹನುಮಂತ ಪೇಶ್ವೆಯ ಕಾಲಕ್ಕೆ ಕಲಿಸುವುದಕ್ಕೂ ಸುಮಾರು 670 ವರ್ಷ ಮುಂಚೆಯೇ ಸೋಮೇಶ್ವರ ಬರೆದಿಟ್ಟಿದ್ದ. ಹಾಗೆಂದು ದೇವಧರರ ಶ್ರೇಯಸ್ಸು ಕಡಿಮೆಯಾಗುವುದಿಲ್ಲ. ಕುಸ್ತಿಯ ತಯಾರಿಗೆಂದು ಇದ್ದ ಕಂಬವನ್ನು ಸ್ವತಂತ್ರ ಕಲೆಯಾಗಿ ಬೆಳೆಸಿ, ಶಿಷ್ಯರ ಮೂಲಕ ಊರೂರಿಗೆ ಒಯ್ದ ಪರಂಪರೆ ಅವರದು. ನಮ್ಮಲ್ಲಿ ಲಕ್ಷ್ಮೇಶ್ವರ, ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯ ಮಕ್ಕಳು ಇಂದಿಗೂ ಅದರಲ್ಲಿ ಹೆಸರು ಮಾಡುತ್ತಿದ್ದಾರೆ. ಇದೇ ಕಂಬ ಹುಟ್ಟಿಗೆ ಒಂದು ಊರನ್ನು, ಬೆಳವಣಿಗೆಗೆ ಇನ್ನೊಂದು ಊರನ್ನು ತೋರಿಸುತ್ತದೆ.

ಝೀರಾದ ಗತ್ಕಾ

ಇವೆಲ್ಲದರ ನಡುವೆ ಬೀದರಿನಲ್ಲಿ ಇನ್ನೊಂದು ಕದನಕಲೆ ಕಣ್ಣೆದುರಿಗೇ ಇದೆ. ಗುರುನಾನಕ್ ಜಯಂತಿಯ ಮೆರವಣಿಗೆಯಲ್ಲಿ ನಾನಕ್ ಝೀರಾ ಗುರುದ್ವಾರದ ಕಡೆಯಿಂದ ನೀಲಿ ಪೇಟದ ತರುಣರು ಕೋಲು, ಗುರಾಣಿ, ಕತ್ತಿ ಹಿಡಿದು ಗತ್ಕಾ ಆಡುತ್ತಾ ಬರುತ್ತಾರೆ. ಪಂಜಾಬಿನ ಕಲೆ ಇಲ್ಲೇಕೆ ಎಂದರೆ, ಬೀದರಿಗೂ ಸಿಖ್ಖರಿಗೂ ನಂಟು ಗುರುದ್ವಾರದ ಕಟ್ಟಡಕ್ಕಿಂತ ಬಹಳ ಹಳೆಯದು. 16ನೇ ಶತಮಾನದ ಆರಂಭದಲ್ಲಿ ಗುರುನಾನಕರು ಇಲ್ಲಿಗೆ ಬಂದಾಗ ಬಂಡೆಯಿಂದ ಸಿಹಿನೀರು ಚಿಮ್ಮಿತೆಂಬುದು ನಂಬಿಕೆ. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ಖಾಲ್ಸಾ ಕಟ್ಟಿದಾಗ ತಲೆ ಕೊಡಲು ಎದ್ದುನಿಂತ ಐವರಲ್ಲಿ ಒಬ್ಬರು ಬೀದರಿನ ಭಾಯಿ ಸಾಹಿಬ್ ಸಿಂಗ್. ಹುಟ್ಟಿನಿಂದ ನಾಪಿತರು. ಚಮ್‌ಕೌರ್ ಕಾಳಗದಲ್ಲಿ ಮಡಿದರು. 1705ರ ಮುಕ್ತಸರ ಯುದ್ಧದಲ್ಲಿ ಹೋರಾಡಿದ ಮಾಯಿ ಭಾಗೋ, ಗುರುಗಳು ನಾಂದೇಡಿನಲ್ಲಿ ತೀರಿಕೊಂಡ ಮೇಲೆ ಬೀದರಿನ ಬಳಿಯ ಜನವಾಡಕ್ಕೆ ಬಂದು ನೆಲೆಸಿದರೆಂದು ಸಿಖ್ ಪರಂಪರೆ ಹೇಳುತ್ತದೆ. ಅವರ ತಪಸ್ಥಾನವೆಂದು ಪೂಜಿಸುವ ಗುರುದ್ವಾರ ಅಲ್ಲಿದೆ.

ಇಷ್ಟು ಕೇಳಿದವರು ಗತ್ಕಾಗೂ ಬೀದರೇ ಮೂಲ ಎಂದುಬಿಡಬಹುದು. ಹಾಗೆನ್ನುವ ಮೊದಲು ಗತ್ಕಾದ ಇತಿಹಾಸ ನೋಡಬೇಕು. ಸಿಖ್ಖರ ಶಸ್ತ್ರವಿದ್ಯೆ ಆರನೆಯ ಗುರು ಹರಗೋವಿಂದರ ಕಾಲದಿಂದ ಬೆಳೆದದ್ದು. 1849ರಲ್ಲಿ ಬ್ರಿಟಿಷರು ಪಂಜಾಬ್ ನುಂಗಿ ಜನರ ಆಯುಧ ಕಿತ್ತುಕೊಂಡ ಮೇಲೆ ಕತ್ತಿಯ ಜಾಗಕ್ಕೆ ಕೋಲು ಮುಂದೆ ಬಂತು. 1930ರ ದಶಕದಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯ ಅದಕ್ಕೆ ಪಂದ್ಯದ ನಿಯಮ ಬರೆಯಿತು. ಇವತ್ತು ಪಾಯಿಂಟ್ ಲೆಕ್ಕ ಹಾಕಿ ಆಡುವ ಗತ್ಕಾ ಆ ನಿಯಮಗಳ ಕೂಸು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಳರಿಪಯಟ್ಟು, ಥಾಂಗ್-ತಾ, ಮಲ್ಲಕಂಬಗಳ ಜೊತೆ ಇದನ್ನೂ ಖೇಲೋ ಇಂಡಿಯಾ ಯುವ ಕ್ರೀಡಾಕೂಟಕ್ಕೆ ಸೇರಿಸಿತು.

ಕುತೂಹಲದ ಸಂಗತಿ ಎಂದರೆ ಚರ್ಮದ ಹೊದಿಕೆಯ ಕೋಲು, ಚಿಕ್ಕ ಗುರಾಣಿ ಹಿಡಿದು ಆಡುವ ಫರಿ-ಗದ್‌ಗಾ ಮಹಾರಾಷ್ಟ್ರದ ವ್ಯಾಯಾಮಶಾಲೆಗಳಲ್ಲೂ ಇತ್ತು. ಝೀರಾದ ಮುಂದೆ ಕೋಲು ಬೀಸುವ ಸರ್ದಾರ ಹುಡುಗನೂ ಮೊಹರಂನಲ್ಲಿ ಲಾಠಿ ತಿರುಗಿಸುವ ಓಣಿಯ ಹುಡುಗನೂ ಬೇರೆ ಬೇರೆ ಕಡೆಯಿಂದ ಬಂದು ಒಂದೇ ಚೌಬಾರಾವನ್ನು ಹಾದುಹೋಗುತ್ತಾರೆ.

ಕೊರಿಯಾದ ಪಾಠ

ಮೂಲ ಹುಡುಕುವ ಈ ಚಡಪಡಿಕೆ ನಮ್ಮೊಬ್ಬರದೇ ಅಲ್ಲ. ಕೊರಿಯಾದಲ್ಲಿ ಇದು ರಾಷ್ಟ್ರದ ಪ್ರಶ್ನೆಯೇ ಆಗಿತ್ತು. 1910ರಿಂದ 1945ರವರೆಗೆ ಜಪಾನಿನ ಆಳ್ವಿಕೆಯಲ್ಲಿ ನಲುಗಿದ ಆ ದೇಶದಲ್ಲಿ ಸ್ವಾತಂತ್ರ್ಯದ ನಂತರ ಹುಟ್ಟಿದ ಹೊಸ ಕದನಶಾಲೆಗಳ ಗುರುಗಳಲ್ಲಿ ಹಲವರು ಜಪಾನಿನಲ್ಲಿ ಕರಾಟೆ ಕಲಿತವರು. 1955ರಲ್ಲಿ ಟೇಕ್ವಾಂಡೋ ಎಂಬ ಹೆಸರು ಬಂತು. ಜಪಾನಿನ ಋಣ ಒಪ್ಪಿಕೊಳ್ಳಲು ಮನಸ್ಸಿಲ್ಲದವರು ಪ್ರಾಚೀನ ಗೊಗುರ್ಯೊ ರಾಜ್ಯದ ಗೋರಿಗಳ ಗೋಡೆಚಿತ್ರ ತೋರಿಸಿ, ನಮ್ಮ ಕಲೆಗೆ 2000 ವರ್ಷ ಎಂದರು. ಚಿತ್ರದಲ್ಲಿ ಇಬ್ಬರು ಎದುರುಬದುರು ನಿಂತಿದ್ದಾರೆ ನಿಜ. ಅಲ್ಲಿಂದ ಇಂದಿನ ಒಲಿಂಪಿಕ್ಸ್ ಒದೆತದವರೆಗೆ ಗೆರೆ ಎಳೆಯಲು ಆ ಚಿತ್ರ ಸಾಲದು.

ಆದರೆ ಅದೇ ಕೊರಿಯಾ ಇನ್ನೊಂದು ದಾರಿಯನ್ನೂ ತೋರಿಸಿದೆ. 1790ರಲ್ಲಿ ರಾಜ ಜೊಂಗ್‌ಜೊ ಬರೆಸಿದ ‘ಮುಯೆ ದೊಬೊ ತೊಂಗ್‌ಜಿ’ ಎಂಬ ಸಚಿತ್ರ ಕೈಪಿಡಿಯಲ್ಲಿ 24 ವಿದ್ಯೆಗಳಿವೆ. ಜಪಾನಿನ ಕತ್ತಿವರಸೆಯನ್ನು ಜಪಾನಿನದೆಂದೇ, ಚೀನಾದ್ದನ್ನು ಚೀನಾದ್ದೆಂದೇ ಅದು ಹೆಸರಿಸುತ್ತದೆ. ಎರಡು ಶತಮಾನದ ಹಿಂದೆ ಜಪಾನಿನ ದಾಳಿಗೆ ಸಿಕ್ಕಿ ದೇಶ ಸುಟ್ಟುಹೋಗಿದ್ದರೂ ಶತ್ರುವಿನ ವಿದ್ಯೆಯನ್ನು ಶತ್ರುವಿನ ಹೆಸರಲ್ಲೇ ಬರೆದಿಡಲು ಅವರಿಗೆ ನಾಚಿಕೆ ಎನಿಸಲಿಲ್ಲ. ಇನ್ನು ತೆಕ್ಕ್ಯೊನ್ ಎಂಬ ಕಾಲಾಟದ ಕಲೆ ಬಹುತೇಕ ಅಳಿದೇಹೋಗಿತ್ತು. ಸೋಲ್ ನಗರದ ಸಾಂಗ್ ದೊಕ್-ಗಿ ಎಂಬ ಒಬ್ಬ ವೃದ್ಧರ ಮೈಯಲ್ಲಿ ಅದು ಉಳಿದಿತ್ತು. 1893ರಲ್ಲಿ ಹುಟ್ಟಿದ ಅವರು ಹುಡುಗನಾಗಿದ್ದಾಗ ಗುರುವಿನಿಂದ ಕಲಿತದ್ದನ್ನು ಮರೆತಿರಲಿಲ್ಲ. 1983ರಲ್ಲಿ ಸರ್ಕಾರ ತೆಕ್ಕ್ಯೊನನ್ನು ರಕ್ಷಿತ ಪರಂಪರೆಯೆಂದು ಘೋಷಿಸಿತು. ನಾಲ್ಕು ವರ್ಷಕ್ಕೆ, 1987ರಲ್ಲಿ, ಸಾಂಗ್ ತೀರಿಕೊಂಡರು. 2011ರಲ್ಲಿ ಯುನೆಸ್ಕೊ ಪಟ್ಟಿಗೆ ಆ ಕಲೆ ಸೇರಿತು. ಆ ನಾಲ್ಕು ವರ್ಷ ತಪ್ಪಿದ್ದರೆ ಪಟ್ಟಿಗೆ ಸೇರಿಸಲು ಏನೂ ಉಳಿಯುತ್ತಿರಲಿಲ್ಲ.

ಔರಾದಿನ ಖಾಡಾ

ನಮ್ಮ ಭಾಗದಲ್ಲಿ ಇಂಥ ಜೀವಂತ ಸಾಕ್ಷಿ ಎಲ್ಲಿದೆ ಎಂದರೆ ಜಾತ್ರೆಗಳಲ್ಲಿ. ಔರಾದಿನ ಅಮರೇಶ್ವರ ಜಾತ್ರೆಯಲ್ಲಿ ದೇವಣಿ ತಳಿಯ ದನಗಳ ವ್ಯಾಪಾರ ಎಷ್ಟು ಪ್ರಸಿದ್ಧವೋ ಜಂಗೀ ಕುಸ್ತಿಯೂ ಅಷ್ಟೇ. ಈ ಕಡೆಯ ಕುಸ್ತಿಗೆ ಒಂದು ಕ್ರಮವಿದೆ. ಮಣ್ಣನ್ನು ಅಗೆದು, ಹೆಂಟೆ ಒಡೆದು, ಜರಡಿ ಹಿಡಿದು ಹದ ಮಾಡಿರುತ್ತಾರೆ. ಹಲಗೆಯ ಬಡಿತ ಏರುತ್ತಿದ್ದಂತೆ ಮೊದಲು ಇಳಿಯುವವರು ಚಿಕ್ಕ ಹುಡುಗರು. ಅವರಿಗೆ ತೆಂಗಿನಕಾಯಿಯೇ ಬಹುಮಾನ. ಆಮೇಲೆ ಹತ್ತು ರೂಪಾಯಿ, ನೂರು ರೂಪಾಯಿಯ ಜೋಡಿಗಳು. ಪಂಚರು ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ, ಹೆಗಲು, ತೊಡೆ ಕಣ್ಣಳತೆಯಲ್ಲೇ ತೂಗಿ ಜೋಡಿ ಹಚ್ಚುತ್ತಾರೆ, ತಕ್ಕಡಿಯ ಕೆಲಸವಿಲ್ಲ. ಪೈಲ್ವಾನ ಕಣಕ್ಕೆ ಕೈಮುಗಿದು ಒಂದು ಹಿಡಿ ಮಣ್ಣು ಎತ್ತಿ ಎದುರಾಳಿಯ ಹೆಗಲಿಗೆ ಹಚ್ಚುತ್ತಾನೆ. ಬೆವರಿದ ಮೈ ಜಾರದಿರಲೆಂದು ಉಪಾಯ, ಸಲಾಮಿಯೂ ಹೌದು. ಬೆನ್ನು ಮಣ್ಣಿಗೆ ತಾಗಿದರೆ ಆಟ ಮುಗಿಯಿತು. ಸಂಜೆ ಇಳಿದಂತೆ ಢಾಕ್, ಘಿಸ್ಸಾ, ಏಕ್ ಲಂಗಿ ಹಾಕುವ ಹೆಸರಾಂತ ಪೈಲ್ವಾನರು. ಕೊನೆಯ ಕುಸ್ತಿಗೆ ಬೆಳ್ಳಿಯ ಕಡಗ.

ಕೊನೆಯ ಜೋಡಿಯಲ್ಲಿ ಒಬ್ಬ ಉದಗೀರಿನವ, ಇನ್ನೊಬ್ಬ ನಾರಾಯಣಖೇಡದ ಕಡೆಯವನಾದರೆ ಯಾರೂ ಹುಬ್ಬೇರಿಸುವುದಿಲ್ಲ. 1956ಕ್ಕೆ ಮುಂಚೆ ಇವೆಲ್ಲ ಒಂದೇ ಬೀದರ್ ಜಿಲ್ಲೆ. ರಾಜ್ಯಗಳ ಪುನರ್‌ವಿಂಗಡಣೆಯಲ್ಲಿ ಉದಗೀರ, ನಿಲಂಗಾ, ಅಹಮದಪುರ ಆಗಿನ ಮುಂಬೈ ರಾಜ್ಯಕ್ಕೆ ಹೋದವು, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಸೇರಿದವು, ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರಿಗೆ ಬಂದವು. ಕಡತಗಳು ಮೂರು ಪಾಲಾದರೂ ಕುಸ್ತಿಯ ಜೋಡಿಗಳು ಪಾಲಾಗಲಿಲ್ಲ. 1970ರ ಎಡಿನ್‌ಬರೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಹರಿಶ್ಚಂದ್ರ ಬಿರಾಜದಾರ ಹುಟ್ಟಿದ್ದು ನಿಲಂಗಾ ತಾಲ್ಲೂಕಿನ ರಾಮಲಿಂಗ ಮುದಗಡದಲ್ಲಿ. ಅವರು ಹುಟ್ಟಿದ 1950ರಲ್ಲಿ ಅದು ಬೀದರ್ ಜಿಲ್ಲೆಯೇ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನಿಗೆ, ಕುದುರೆ ಏರಿ ಖಡ್ಗ ಹಿಡಿದ ಆ ದೇವರಿಗೆ, ಚಂಪಾಷಷ್ಠಿಯಲ್ಲಿ ಕನ್ನಡ, ಮರಾಠಿ, ತೆಲುಗಿನ ಭಕ್ತರು ಒಟ್ಟಿಗೇ ನಡೆದುಕೊಳ್ಳುವ ಹಾಗೆ ಖಾಡಾಕ್ಕೂ ಮೂರು ಭಾಷೆ ಒಗ್ಗಿವೆ. ಕೊರಿಯಾದ ಸಾಂಪ್ರದಾಯಿಕ ಕುಸ್ತಿ ಸ್ಸಿರುಮ್ ಅನ್ನು 2018ರಲ್ಲಿ ಯುನೆಸ್ಕೊ ಉತ್ತರ, ದಕ್ಷಿಣ ಕೊರಿಯಾಗಳ ಜಂಟಿ ಹೆಸರಿನಲ್ಲಿ ದಾಖಲಿಸಿತು. ಬದ್ಧದ್ವೇಷಿಗಳಾದ ಎರಡು ಸರ್ಕಾರಗಳು ಒಂದು ಕುಸ್ತಿಗೆ ಒಟ್ಟಿಗೆ ರುಜು ಹಾಕಿದವು. ನಮ್ಮ ಮೂರು ರಾಜ್ಯಗಳ ನಡುವೆ ಅಂಥ ವೈರವೇನೂ ಇಲ್ಲ.

ತಾಲೀಮು ತಣ್ಣಗಾದದ್ದಕ್ಕೆ ಕಾರಣಗಳೂ ಇತಿಹಾಸದಲ್ಲಿವೆ. ನಿಜಾಮನ ಕೊನೆಯ ವರ್ಷಗಳಲ್ಲಿ ಗರಡಿ ರಾಜಕೀಯಕ್ಕೆ ಸಿಕ್ಕಿತು. ಆರ್ಯ ಸಮಾಜದವರು ವ್ಯಾಯಾಮಶಾಲೆಗಳ ಮೂಲಕ ಯುವಕರನ್ನು ಸಂಘಟಿಸಿದರು, ಸರ್ಕಾರ ಅಖಾಡಾಗಳಿಗೆ ಅನುಮತಿ ಬೇಕೆಂದಿತು. ಆ ಚಳವಳಿಯ ಮುಂದಾಳು ಭಾಯಿ ಶ್ಯಾಮಲಾಲ್ 1938ರಲ್ಲಿ ಬೀದರ್ ಜೈಲಿನಲ್ಲೇ ತೀರಿಕೊಂಡರು. ಮುಂದೆ ರಜಾಕಾರರ ಹಾವಳಿ, 1948ರ ಪೊಲೀಸ್ ಕಾರ್ಯಾಚರಣೆ. ಆಯುಧ ಹಿಡಿಯುವುದೆಂದರೆ ಜನ ಬೆಚ್ಚುವ ಕಾಲ ಅದು. ಪಟ್ಟಾ, ಬಿನ್ನೋಟ್ ಕಲಿಸುವವರು ವಿರಳವಾಗುತ್ತ ಹೋದರು. ಆಯುಧ ಬೇಡದ ಕುಸ್ತಿ ಮಾತ್ರ ಜಾತ್ರೆಯ ಕೈಹಿಡಿದು ದಾಟಿಬಂತು. ಹೊಸ ತಲೆಮಾರಿಗೆ ಮ್ಯಾಟ್ ಕುಸ್ತಿ ಇದೆ, ಕ್ರೀಡಾ ಕೋಟಾ ಇದೆ. ಮಣ್ಣಿನ ಪಟ್ಟುಗಳಿಗೆ ಅಲ್ಲಿ ಅಷ್ಟಾಗಿ ಬೆಲೆಯಿಲ್ಲ.

ಹಾಗಾದರೆ ಬೀದರಿನ ತಾಲೀಮಿನ ಮೂಲ ಯಾವುದು? ಕಸರತ್ತಿನ ಪಟ್ಟಿಗೆ ಕಲ್ಯಾಣ, ಓಣಿಗೊಂದು ಶಾಲೆ ಎಂಬ ಕಟ್ಟಳೆಗೆ ಸುಲ್ತಾನರ ದಖ್ಖನ್, ಕಂಬದ ಇಂದಿನ ರೂಪಕ್ಕೆ ಪೇಶ್ವೆಯ ಪುಣೆ, ಕೋಲು-ಗುರಾಣಿಯ ಗತ್ಕಾಗೆ ಪಂಜಾಬ್. ಯಾರಾದರೂ ಒಂದನ್ನೇ ಹಿಡಿದು ಇದು ನಮ್ಮದೇ ಎಂದರೆ ಉಳಿದ ಮೂರನ್ನು ಅಳಿಸಿದಂತೆ. 1790ರ ಕೊರಿಯನ್ ಪಂಡಿತರು ಮಾಡಿದ ಕೆಲಸ ನಮ್ಮಲ್ಲಿ ಇನ್ನೂ ಆಗಿಲ್ಲ: ಯಾವ ಪಟ್ಟು ಯಾರಿಂದ ಬಂತು, ಯಾವ ಓಣಿಯಲ್ಲಿ ಹೇಗೆ ಆಡುತ್ತಾರೆ ಎಂದು ಚಿತ್ರ ಸಮೇತ ಬರೆದಿಡುವುದು. ಈಗ ಅದಕ್ಕೆ ರಾಜನೇ ಬೇಕೆಂದಿಲ್ಲ. ಬೀದರಿನಲ್ಲಿ ವಿಶ್ವವಿದ್ಯಾಲಯವಿದೆ, ಪ್ರತಿ ಹುಡುಗನ ಕೈಯಲ್ಲೂ ಕ್ಯಾಮೆರಾ ಇದೆ. ವಸ್ತಾದರ ಮಂಡಿಯಲ್ಲಿ ಇನ್ನೂ ಕಸುವಿರುವಾಗಲೇ ಒಂದೊಂದು ಪಟ್ಟನ್ನೂ ಅವರಿಂದಲೇ ಹಾಕಿಸಿ, ಹೆಸರು ಕೇಳಿ, ಗುರು ಯಾರೆಂದು ಬರೆದುಕೊಂಡರೆ ಮೂಲದ ಜಗಳವನ್ನು ಮುಂದಿನವರು ಸಾಕ್ಷಿ ಇಟ್ಟುಕೊಂಡು ಆಡಬಹುದು. ಶಾಸನಗಳು ಇನ್ನೂರು ವರ್ಷ ಕಾಯುತ್ತವೆ, ಪೈಲ್ವಾನರ ಮೈ ಕಾಯುವುದಿಲ್ಲ. ದಾಖಲೆಯ ಕೆಲಸ ಅವರಿಂದಲೇ ಶುರುವಾಗಬೇಕು.